ಗಿರಿಜವ್ವನ ಹೊಲ ನಕ್ಕಿತು

ಮಧ್ಯರಾತ್ರಿ ಯಾರೋ ಮೂರು ಸಲ ಬಾಗಿಲು ಬಡಿದರು. ಗಿರಿಜವ್ವ ಎದ್ದು ಚಿಲಕ ತೆಗೆದಳು. ಹೊಸ್ತಿಲಾಚೆ ನಗೆ ತನಿಖಾಧಿಕಾರಿ ಮಹಾಂತೇಶ ನಿಂತಿದ್ದ.

“ನಿಮ್ಮ ಹೊಲ ನಗಾಕತ್ತೈತಿ.”

ಯೂರಿಯಾ ಹೆಚ್ಚಾದ ಮಣ್ಣು ನೀರು ತಾಗಿದೊಡನೆ ಗಹಗಹಿಸುತ್ತದೆಂಬುದು ಊರ ಮಕ್ಕಳಿಗೂ ಗೊತ್ತು. ಹತ್ತು ಗಂಟೆಗೆ ಕರೆಂಟು ಬಂದಾಗ ಅವಳೇ ಮೋಟಾರು ಹಾಕಿ ಬಂದಿದ್ದಳು. ನಕ್ಕ ಹೊಲವನ್ನು ಮೂರು ವರ್ಷ ಬೀಳು ಬಿಡಬೇಕು. ತಪ್ಪು ಬೇರೆಯವರದೆಂದು ಸಾಬೀತಾದರೆ ಮಾತ್ರ ಹೊಲ ಉಳಿಯುತ್ತದೆ.

“ಚಮಚದಾಗ ಅಳದು ಹಾಕೀನ್ರೀ ಸಾಹೇಬ್ರ.”

“ಎಲ್ಲಾರೂ ಹಂಗ ಅಂತಾರ. ನಡೀರಿ.”

ಹತ್ತಿಹೊಲ ಬಿದ್ದು ಬಿದ್ದು ನಗುತ್ತಿತ್ತು. ಮಹಾಂತೇಶ ನೆಲಕ್ಕೆ ಕಿವಿ ಹಚ್ಚಿ ಬದುವಿನುದ್ದಕ್ಕೂ ಗಂಭೀರವಾಗಿ ತೆವಳಿದ. ನಗು ಗಿಡದ ಸಾಲುಗಳಲ್ಲಿರಲಿಲ್ಲ. ನಾಲ್ಕು ಮೂಲೆಗಳಲ್ಲಿ ಮಾತ್ರವಿತ್ತು. ಅಲ್ಲಿ ಸೀಗೆ ಹುಣ್ಣಿಮೆಯೆಂದು ಭೂಮಿಗೆ ಎಡೆಯಾಗಿ ಚರಗ ಚೆಲ್ಲಿದ ಅನ್ನ, ಕಡುಬಿನ ಚೂರುಗಳಿದ್ದವು. ಅವುಗಳ ನಡುವೆ ಬಿಳಿಯ ಯೂರಿಯಾ ಹರಳುಗಳು.

“ಚರಗ ಚೆಲ್ಲಿದವರು ಯಾರು?”

“ಪಕ್ಕದೂರಿಂದ ಹಿರೀ ಮುತ್ತೈದಿನ್ನ ಕರಸಿದ್ವಿರಿ. ಭೂಮಿತಾಯಿ ಬಸುರಿ, ಅಕಿ ಬಯಸಿದ್ದು ಕೊಡಬೇಕು ಅಂತ ಉಡ್ಯಾಗ ಏನೋ ಕಟ್ಕೊಂಡು ಬಂದಿದ್ರು. ಹೆಸರು ಬ್ಯಾಡ ಬಿಡ್ರಿ.”

“ಹೆಸರು ಹೇಳದಿದ್ರ ನಿಮ್ಮ ಹೊಲಾನ ಹೋಗತೈತಿ. ನನಗ ಯಾರ ಮುಲಾಜೂ ಇಲ್ಲ,” ಎಂದು ಅವನು ಪೆನ್ನು ತೆರೆದ.

ಗಿರಿಜವ್ವ ಸೆರಗು ಸರಿಪಡಿಸಿಕೊಂಡಳು.

“ಬಸಲಿಂಗವ್ವ ಅಂತ ಬರ್ಕೋರಿ, ನಿಮ್ಮವ್ವ.”