ಜಾಡಿಯ ಮೇಲಿನ ಕಲ್ಲು

ಉಪ್ಪಿನಕಾಯಿ ಬಡಿಸಿಕೊಳ್ಳಲೆಂದು ಜಾಡಿಯ ಮುಚ್ಚಳದ ಮೇಲಿದ್ದ ಕಪ್ಪು ಕಲ್ಲನ್ನು ಎತ್ತಿದ ಸಿಂಚನ ಅದನ್ನು ಮತ್ತೆ ಕೆಳಗಿಡಲಿಲ್ಲ. ಸುಲಿದ ತೆಂಗಿನಕಾಯಿಯಷ್ಟು ಗಾತ್ರ. ತೂಕ ಮಾತ್ರ ಅದರ ಮೂರರಷ್ಟು. ಫ್ರಿಜ್ ಬಾಗಿಲಿಗಿದ್ದ ಮ್ಯಾಗ್ನೆಟ್ ಕಿತ್ತು ತಂದು ಹತ್ತಿರ ಹಿಡಿದಳು. ಟಪ್ಪೆಂದು ಅಂಟಿಕೊಂಡಿತು. ಕಲ್ಲಿನ ಒಂದು ಮೂಲೆ ಒಡೆದಿತ್ತು. ಅಲ್ಲಿ ಸಾಸಿವೆಯಂಥ ದುಂಡನೆಯ ಕಾಳುಗಳು ಕಾಣುತ್ತಿದ್ದವು.

"ಅಜ್ಜಿ, ಇದು ಎಲ್ಲಿ ಸಿಕ್ತು?"

"ನಮ್ಮ ಮಾವ ಹೊಲ ಉಳುವಾಗ ಸಿಕ್ಕಿದ್ದಂತೆ. ಯಾಕವ್ವಾ? ಅನ್ನ ಆರೋಗ್ತೈತೆ, ಉಣ್ಣು" ಎಂದರು ಭಾಗ್ಯಮ್ಮ. ಮೊಮ್ಮಗಳು ಪವಿತ್ರ ತನ್ನ ಗೆಳತಿ ಸಿಂಚನಳನ್ನು ಬೂದಿಗೆರೆಯ ಮನೆಗೆ ಊಟಕ್ಕೆ ಕರೆತಂದಿದ್ದಳು.

"ಇದು ಆಕಾಶದಿಂದ ಬಿದ್ದಿದ್ದು ಅಜ್ಜಿ! ಸೂರ್ಯನ ಸುತ್ತ ಇದ್ದ ಧೂಳೆಲ್ಲ ಒಟ್ಟುಗೂಡಿ ಭೂಮಿ ಆಯ್ತಲ್ಲ, ಆಗ ಸೇರದೆ ಉಳ್ಕೊಂಡ ಚೂರು. ನಾನೂರ ಐವತ್ತು ಕೋಟಿ ವರ್ಷದ್ದು. ಭೂಮಿ ಹೆಂಗೆ ಹುಟ್ತು ಅಂತಾನೇ ನಾನು ಓದ್ತಿರೋದು."

"ಹುಟ್ಟಿ ಆಗೈತಲ್ಲ. ಈಗ ಓದಿ ಏನು ಮಾಡ್ಬೇಕು?"

ಪವಿತ್ರ ಕಿಸಕ್ಕನೆ ನಕ್ಕಳು. ಸಿಂಚನಳಿಗೆ ನಗು ಬರಲಿಲ್ಲ. ಮೂರು ವರ್ಷದಿಂದ ಆಕಾಶದ ಕಲ್ಲುಗಳೊಳಗಿನ ಇಂಥ ಕಾಳುಗಳನ್ನು ಆಕೆ ನೋಡಿದ್ದು ಬೇರೆಯವರು ತೆಗೆದ ಫೋಟೋಗಳಲ್ಲಿ ಮಾತ್ರ. ಇಡೀ ಕಲ್ಲು ಕೈಯಲ್ಲಿ ಕೂತಾಗ ಕಣ್ಣು ಮಂಜಾಯಿತು.

"ಇದನ್ನ ನಮ್ಮ ಲ್ಯಾಬಿಗೆ ತಗೊಂಡು ಹೋಗ್ಲಾ ಅಜ್ಜಿ?"

"ನನ್ನ ಜಾಡಿ ಗತಿ? ನಲವತ್ತು ವರ್ಷದಾಗೆ ಒಂದ್ಸಲನೂ ಬೂಷ್ಟು ಹಿಡಿದಿಲ್ಲ. ಇಂಥದ್ದೇ ಇನ್ನೊಂದು ತಂದ್ಕೊಡು, ತಗೊಂಡೋಗು."

ಸಿಂಚನ ಅರ್ಧ ಊಟಕ್ಕೇ ಕೈ ತೊಳೆದುಕೊಂಡು ಸುಡುಬಿಸಿಲಿನಲ್ಲಿ ಹೊಲದ ಬದುವಿಗೆ ಹೋದಳು. ಹೊತ್ತು ತಂದ ಮೊದಲನೆಯ ಕಲ್ಲನ್ನು ಭಾಗ್ಯಮ್ಮ ಕೈಯಲ್ಲಿ ತೂಗಿ ನೋಡಿ, "ಹಗುರ" ಎಂದರು. ಎರಡನೆಯದರ ಅಡಿ ಸಮ ಇಲ್ಲ, ಉರುಳುತ್ತದೆ. ಮೂರನೆಯದು ಉಜ್ಜಿದರೆ ಪುಡಿ ಉದುರುತ್ತದೆ, ಉಪ್ಪಿನಕಾಯಿಗೆ ಬಿದ್ದರೆ? ನಾಲ್ಕನೆಯದನ್ನು ತಿರುಗಿಸಿ ತಿರುಗಿಸಿ ನೋಡಿ, ತೊಳೆದು ಒರೆಸಿ, ಮುಚ್ಚಳದ ಮೇಲಿಟ್ಟು ಜಾಡಿಯನ್ನೇ ಅಲುಗಾಡಿಸಿದರು. ಕಲ್ಲು ಕದಲಲಿಲ್ಲ.

ಆಮೇಲೆ ಕರಿಕಲ್ಲನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಾವೇ ಅವಳ ಬ್ಯಾಗಿಗೆ ಹಾಕಿದರು.

"ಅಲ್ಲಾ, ನೀನು ತಂದಿರೋ ಇದು ಎಷ್ಟು ವರ್ಷದ್ದು?"

ಸಿಂಚನ ಬೆವರು ಒರೆಸಿಕೊಂಡಳು. "ನಮ್ಮ ಕಡೆ ಬಂಡೆ ಅಲ್ವಾ ಅಜ್ಜಿ, ಒಂದು ಮುನ್ನೂರು ಕೋಟಿ ಆಗಿರ್ಬಹುದು."

ಭಾಗ್ಯಮ್ಮ ಜಾಡಿಯ ಕಡೆ ಅನುಮಾನದಿಂದ ನೋಡಿದರು.

"ಹೊಸದು. ನೋಡಾಣ, ಎಷ್ಟು ದಿನ ಬಾಳಿಕೆ ಬರ್ತೈತೋ."