ಹಬ್ಬದ ಸಂಜೆ ಒಂದು ಖೋ

ಎರಡು ಮಾರು ಸೇವಂತಿಗೆ ಕೇಳಿದ್ದಕ್ಕೆ ಪಿಳ್ಳಮ್ಮ ಎರಡೂವರೆ ಮಾರು ಅಳೆದು ಕತ್ತರಿಸಿಬಿಟ್ಟಳು. ಗಾಂಧಿ ಬಜಾರಿನಲ್ಲಿ ಮೂವತ್ತು ವರ್ಷದಿಂದ ಅವಳ ಹತ್ತಿರವೇ ಹೂವು ಕೊಳ್ಳುವ ಸುಂದರಮ್ಮನವರಿಗೆ ಗಾಬರಿಯಾಯಿತು.

"ಏನೇ ಪಿಳ್ಳಮ್ಮ, ಮೈ ಹುಷಾರಿಲ್ವಾ? ಒಂದು ಗೇಣು ಜಾಸ್ತಿ ಕೇಳಿದ್ರೆ ಮುಖ ತಿರುಗಿಸೋಳು ನೀನು."

"ಇರ್ಲಿ ಬುಡಿ ಅಮ್ಮಾ. ಡೆಲ್ಲೀಲಿ ನಮ್ಮಾಟ ಶುರುವಾಯ್ತದೆ. ವರ್ಲ್ಡ್ ಕಪ್ಪು."

"ಕ್ರಿಕೆಟ್ಟಾ? ಅದು ಮುಗೀತಲ್ಲ."

"ಕ್ರಿಕೆಟ್ ಯಾರಿಗೆ ಬೇಕು? ಖೋ ಖೋ!"

ಸುಂದರಮ್ಮ ನಕ್ಕುಬಿಟ್ಟರು. "ಖೋ ಖೋಗೂ ವರ್ಲ್ಡ್ ಕಪ್ಪಾ? ಮುಂದಿನ ವರ್ಷ ಕುಂಟೆಬಿಲ್ಲೆಗೂ ಇಡ್ತಾರೆ, ನೀನೇ ಹೋಗು."

"ಇಡ್ಲಿ, ಹೋಗ್ತೀನಿ. ಮಂಡಿ ಮಾತ್ರ ನೀವು ಕೊಡಿ."

ಹದಿನೈದು ದಿನದಿಂದ ಹೂವು ಕೊಂಡವರಿಗೆಲ್ಲ ಇದೇ ಸುದ್ದಿ. ಮೊಮ್ಮಗಳು ಯಶಶ್ರೀ ಫೋನಿನಲ್ಲಿ ತೋರಿಸಿದ್ದಳು, ಇಪ್ಪತ್ತಕ್ಕೂ ಹೆಚ್ಚು ದೇಶದವರು ಬರುತ್ತಾರಂತೆ. "ಪರದೇಶದ ಹೆಣ್ಮಕ್ಕಳೂ ಖೋ ಅಂತಾನೇ ಕೂಗ್ತಾರೇನೇ?" ಎಂದು ಪಿಳ್ಳಮ್ಮ ಕೇಳಿದ್ದಳು. ಕೂಗಲೇಬೇಕು ಅಂದಾಗ ಬಹಳ ಹೊತ್ತು ಒಬ್ಬಳೇ ನಗುತ್ತಾ ಹೂವು ಕಟ್ಟಿದಳು. ಆರನೇ ಕ್ಲಾಸಿನಲ್ಲಿ ಅವಳನ್ನೂ ಖೋ ಖೋ ಆಡಲಿಕ್ಕೆ ಮೈಸೂರಿಗೆ ಆರಿಸಿದ್ದರು. ಹೊರಡುವ ವಾರವೇ ತಾಯಿಗೆ ಹೆರಿಗೆಯಾಯಿತು. ಅಪ್ಪ ಸ್ಕೂಲು ಬಿಡಿಸಿ ತಾಯಿಯ ಹೂವಿನ ಬುಟ್ಟಿಯ ಮುಂದೆ ಕೂರಿಸಿದ. ಬಸ್ಸು ಇದೇ ರಸ್ತೆಯಲ್ಲಿ ಹೋಯಿತು, ಹುಡುಗಿಯರು ಕಿಟಕಿಯಿಂದ ಕೈ ಬೀಸಿದರು. ಆಮೇಲೆ ಆ ಆಟವನ್ನು ಅವಳು ನೋಡಿದ್ದೂ ಇಲ್ಲ.

ಒಂದೇ ತೊಡಕು. ನಮ್ಮ ಹೆಣ್ಣುಮಕ್ಕಳ ಮೊದಲನೇ ಆಟ ಸಂಕ್ರಾಂತಿ ಹಬ್ಬದ ದಿನ ಸಂಜೆಯೇ ಬಿದ್ದಿತ್ತು.

"ಹೂವಿನವರನ್ನ ಒಂದು ಮಾತು ಕೇಳಿ ಇಡ್ಬಾರ್ದಾ ಇವರು?" ಪಿಳ್ಳಮ್ಮ ಗೊಣಗಿದಳು. "ಎರಡು ದಿನ ಕಣ್ಣು ಮುಚ್ಚೋ ಹಂಗಿಲ್ಲ. ಟಿವಿ ಮುಂದೆ ತೂಕಡಿಸಿಬಿಟ್ರೆ? ಯಶೂ, ನೀನು ನನ್ನ ಎಬ್ಬಿಸ್ಬೇಕು."

"ಎಬ್ಬಿಸ್ತೀನಿ ಬಿಡಜ್ಜಿ."

"ಅಜ್ಜಿ ಅಜ್ಜಿ ಅಂತ ಕೂಗ್ಬೇಡ, ಅದಕ್ಕೆ ನಾನು ಏಳಲ್ಲ. ಬೆನ್ನು ತಟ್ಟಿ ಖೋ ಅನ್ನು. ಸಾಲಾಗಿ ಕುಕ್ಕರುಗಾಲಲ್ಲಿ ಕೂತಿರ್ತಿದ್ವಿ ನಾವು. ಹಿಂದಿನಿಂದ ಬೆನ್ನು ಮುಟ್ಟಿ ಖೋ ಅನ್ನೋ ತನಕ ಅಲ್ಲಾಡೋ ಹಂಗಿಲ್ಲ. ಅಂದ ಮೇಲೆ ಅರೆಗಳಿಗೆ ಕೂರೋ ಹಂಗೂ ಇಲ್ಲ."

"ಐವತ್ತೈದು ವರ್ಷ ಆಯ್ತಜ್ಜಿ. ಇನ್ನೂ ಎಲ್ಲಿ ನೆನಪಿರತ್ತೆ?"

"ಬುದ್ಧಿ ಮರೀತದೆ. ಮೈ ಮರೆಯಲ್ಲ ಕಣೇ."

ಹಬ್ಬ ಬಂತು. ಹಿಂದಿನ ದಿನವೂ ಅವತ್ತೂ ಬೆಳಗಿನ ಜಾವ ಮೂರಕ್ಕೇ ಎದ್ದು, ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಮುತ್ತುರಾಜನ ಆಟೋದಲ್ಲಿ ಮಾರ್ಕೆಟ್ಟಿಗೆ ಹೋದಳು. ಚಳಿಯಲ್ಲಿ ಚೌಕಾಸಿ ಮಾಡಿ ಹೂವು ತಂದು, ಹಗಲೆಲ್ಲ ಒಂದೇ ಮಂಡಿಯ ಮೇಲೆ ಕೂತು ಕಟ್ಟಿ, ಅಳೆದು, ಮಾರಿದಳು. ಕತ್ತಲಾಗುವ ಹೊತ್ತಿಗೆ ಗವೀಪುರದ ಮನೆಗೆ ಬಂದಾಗ ಅವಳ ಬೆರಳು ನಾರಿನಿಂದ ಸೀಳಿಹೋಗಿತ್ತು. ಮುಖ ತೊಳೆದು, ಮದುವೆಗೆ ಹೊರಟವಳಂತೆ ಹೊಸ ಸೀರೆ ಉಟ್ಟು, ಟಿವಿ ಮುಂದೆ ನೆಲದ ಮೇಲೆ ಕೂತಳು. ಕುರ್ಚಿ ಬೇಡವೆಂದಳು.

"ಎಲ್ಲಾ ಬೂಟು ಹಾಕ್ಕೊಂಡವ್ರಲ್ಲೇ! ಮಣ್ಣೆಲ್ಲಿ?"

"ಮಣ್ಣಿಲ್ಲ ಅಜ್ಜಿ, ಮ್ಯಾಟ್ ಹಾಸಿದಾರೆ."

"ಹಂಗಾದ್ರೆ ಮಂಡಿ ತರಚಲ್ಲ. ಪುಣ್ಯವಂತರು."

ಜನಗಣಮನಕ್ಕೆ ಗೋಡೆ ಹಿಡಿದುಕೊಂಡು ಎದ್ದು ನಿಂತಳು. ಅದು ಮುಗಿದ ಮೇಲೆ ಗೋಡೆ ಹಿಡಿದುಕೊಂಡೇ ಕೂತಳು. ನಡುವೆ ಜಾಹೀರಾತು ಬಂತು. ಸೋಪಿನದು, ಮೋಟರ್ ಬೈಕಿನದು, ಮತ್ತೆ ಸೋಪಿನದು. ಅವು ಮುಗಿಯುವ ಹೊತ್ತಿಗೆ ಪಿಳ್ಳಮ್ಮನ ಗಲ್ಲ ಎದೆಗೆ ತಾಗಿತ್ತು.

ಆಟ ಶುರುವಾಯಿತು. ಯಶಶ್ರೀ ಅಜ್ಜಿಯ ಕಡೆ ತಿರುಗಿದಳು. ಬಾಯಿ ಸ್ವಲ್ಪ ತೆರೆದಿತ್ತು, ನಿದ್ದೆಯಲ್ಲೂ ಎರಡು ಬೆರಳು ಇಲ್ಲದ ನಾರನ್ನು ಸುತ್ತುತ್ತಿದ್ದವು. ಪಾಪ, ಮಲಗಲಿ ಅನಿಸಿತು. ಆದರೆ ಹದಿನೈದು ದಿನದಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು. ನಾಳೆ ಎದ್ದು "ಯಾಕೆ ಎಬ್ಬಿಸ್ಲಿಲ್ಲ?" ಅಂದರೆ ಏನು ಹೇಳುವುದು?

ಟಿವಿಯಲ್ಲಿ ಸಾಲಿನಿಂದ ಒಬ್ಬಳು ಹುಡುಗಿ ಬಾಣದ ಹಾಗೆ ಎದ್ದು ಕಂಬದ ಕಡೆ ಓಡಿದಳು. ಯಶಶ್ರೀ ಹಿಂದೆ ಬಂದು ಅಜ್ಜಿಯ ಬೆನ್ನು ತಟ್ಟಿದಳು.

"ಖೋ!"

ಪಿಳ್ಳಮ್ಮ ಒಂದೇ ನೆಗೆತಕ್ಕೆ ಎದ್ದಳು. ಗೋಡೆ ಹಿಡಿಯಲಿಲ್ಲ, ಮಂಡಿ ಹಿಡಿಯಲಿಲ್ಲ. ಯಶಶ್ರೀ ಚಪ್ಪಾಳೆ ತಟ್ಟಿದಳು. "ಸೂಪರ್ ಅಜ್ಜಿ!"

ಅಜ್ಜಿ ಟಿವಿಯ ಕಡೆ ನೋಡಲಿಲ್ಲ. ನೇರವಾಗಿ ಮೂಲೆಗೆ ಹೋಗಿ ಖಾಲಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು, ಅರ್ಧ ಮುಚ್ಚಿದ ಕಣ್ಣಿನಲ್ಲೇ ಬಾಗಿಲ ಹತ್ತಿರ ಕಾಲಿನಿಂದ ಚಪ್ಪಲಿ ಹುಡುಕತೊಡಗಿದಳು.

"ಮೂರಾಯ್ತಾ? ಮುತ್ತುರಾಜ ಆಟೋ ತಂದ್ನಾ?"