ಬಡವರ ಪಾಲು

ಮದುವೆಮನೆಗಳಲ್ಲಿ ಉಳಿದ ಊಟವನ್ನು ಬೀದಿಯಲ್ಲಿ ಬದುಕುವವರಿಗೆ ಮುಟ್ಟಿಸುವುದು ಶ್ರೀಕಂಠನ ಸಂಘದ ಕೆಲಸ. ಅಂದೂ ಬೆಳಿಗ್ಗೆಯೇ ಛತ್ರದವರಿಗೆ ಫೋನ್ ಮಾಡಿ, "ಉಳಿದದ್ದೆಲ್ಲ ಬಡವರ ಪಾಲು. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ" ಎಂದು ತಾಕೀತು ಮಾಡಿದ್ದ.

ಮಧ್ಯಾಹ್ನ ಫ್ಲೈಓವರ್ ಕೆಳಗೆ ಬಡಿಸುತ್ತ ಬಂದವನ ಸೌಟು ಸಾಲಿನ ಕೊನೆಯಲ್ಲಿ ನಿಂತಿತು. ತಟ್ಟೆ ಹಿಡಿದ ಕೈಗಳು ನೀರಲ್ಲಿ ನೆಂದು ಸುಕ್ಕುಗಟ್ಟಿದ್ದವು. ಆಗಷ್ಟೇ ಅವನು ಊಟ ತರಲು ಹೋದಾಗ ಛತ್ರದ ಹಿತ್ತಿಲಲ್ಲಿ ರಾಶಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸು!

ಅವನಿಗೆ ಮೈಯೆಲ್ಲ ಉರಿದುಹೋಯಿತು. "ಏನಮ್ಮಾ, ಇಲ್ಲಿಗೂ ಬಂದು ಇವರ ಹೊಟ್ಟೆ ಮೇಲೆ ಹೊಡೀತೀಯಲ್ಲ! ಛತ್ರದಲ್ಲೇ ಉಣ್ಣೋಕೆ ಏನಾಗಿತ್ತು ನಿಂಗೆ?"

"ಕೇಳ್ದೆ ಸ್ವಾಮಿ." ಅವಳು ತಟ್ಟೆಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. "ಅದು ಬಡವರಿಗೆ ಅಂತ ಎತ್ತಿಟ್ಟಿರೋದು, ಮುಟ್ಬೇಡ ಅಂದ್ರು."